ಅಲಾಫಿನ್ನನ ಹೊಸಿಲು

ನಮ್ಮೂರಲ್ಲಿ ದೊರೆಗೆ ಅಲಾಫಿನ್ ಅಂತಾರೆ. ಅರಮನೆಯ ಒಡೆಯ ಅಂತ ಅದರ ಅರ್ಥ. ಬೇರೆ ಊರುಗಳ ದೊರೆಗಳು ತಮ್ಮನ್ನು ಹೊಳೆಯ ಒಡೆಯ, ಕುದುರೆಗಳ ಒಡೆಯ, ಕಣ್ಣಿಗೆ ಕಾಣುವ ನೆಲಕ್ಕೆಲ್ಲ ಒಡೆಯ ಅಂತ ಹೊಗಳಿಸಿಕೊಳ್ಳುತ್ತಾರಂತೆ. ನಮ್ಮವನಿಗೆ ಇರೋದು ಒಂದು ಮನೆ. ಕೆಮ್ಮಣ್ಣಿನ ಗೋಡೆ, ಜೊಂಡಿನ ಚಾವಣಿ, ಒಂದರ ಹಿಂದೆ ಒಂದು ಕೋಣೆ, ಬೀದಿ ಕಡೆಗೆ ಒಂದು ಕಿಟಕಿ, ಒಂದೇ ಬಾಗಿಲು. ಅದನ್ನು ಅರಮನೆ ಅಂತ ಮೊದಲು ಕರೆದವರು ಯಾರೋ, ಅನ್ನೋದನ್ನಂತೂ ನಾವು ಬಿಟ್ಟಿಲ್ಲ.

ಆ ಹೆಸರು ಎಲ್ಲಿಂದ ಬಂತು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಕಥೆ. ನನ್ನ ಅಜ್ಜಿ ಹೇಳುತ್ತಿದ್ದದ್ದು ಹೀಗೆ. ಹುಲ್ಲುಗಾವಲಿನ ಆಚೆ ದೊಡ್ಡ ಪಟ್ಟಣವಿದೆ, ಅಲ್ಲಿ ನಿಜವಾದ ಅಲಾಫಿನ್ ಇದ್ದಾನೆ, ಅವನಿಗೆ ಕೆತ್ತಿದ ಕಂಬಗಳ ನಿಜವಾದ ಅರಮನೆ ಇದೆ. ಅಲ್ಲಿ ಅಣ್ಣತಮ್ಮಂದಿರಿಗೆ ಜಗಳ ಬಿದ್ದು, ಸೋತವನು ತನ್ನ ಕಡೆಯ ಜನ ಕಟ್ಟಿಕೊಂಡು ಈ ದಿಕ್ಕಿಗೆ ನಡೆದ. ದಾರಿಯಲ್ಲಿ ಕುದುರೆ ಸತ್ತವು, ಹೊತ್ತು ತಂದದ್ದೆಲ್ಲ ಕರಗಿತು, ಉಳಿದದ್ದು ಹೆಸರೊಂದೇ. ಅರಮನೆಯೇ ಇಲ್ಲದ ಅರಮನೆಯ ಒಡೆಯ. ಜನ ಅವನ ಮುಖ ನೋಡಲಾರದೆ, ತಮಗೆ ಗುಡಿಸಲು ಹಾಕಿಕೊಳ್ಳುವ ಮೊದಲು ಅವನಿಗೆ ಒಂದು ಮನೆ ಕಟ್ಟಿದರು. ಅವನು ಒಳಗೆ ಕಾಲಿಟ್ಟ ಮೇಲೆ ತಾವು ತಮ್ಮ ತಮ್ಮ ಮನೆ ಹೊಕ್ಕರು. ಅವನು ಮತ್ತೆ ಹೊರಗೆ ಬರಲಿಲ್ಲ. ನನ್ನ ಜೊತೆ ಬಟ್ಟೆಗೆ ನೀಲಿ ಹಾಕುತ್ತಿದ್ದ ಹೆಂಗಸರು ಹೇಳುವ ಕಥೆ ಬೇರೆ. ಜನ ದೊರೆಯ ಹಿಂದೆ ಬಂದದ್ದಲ್ಲ, ದೊರೆಯನ್ನು ಹಗ್ಗ ಹಾಕಿ ಕಟ್ಟಿ ತಂದರು, ದೊರೆ ಇಲ್ಲದ ಊರಿಗೆ ಯಾರೂ ಹೆಣ್ಣು ಕೊಡೋದಿಲ್ಲ ಅಂತ. ಯಾವುದು ದಿಟವೋ ನಾನು ಹೇಳಲಾರೆ. ಎರಡರಲ್ಲೂ ಅವನು ಒಳಗೆ ಹೋಗುತ್ತಾನೆ, ಎರಡರಲ್ಲೂ ಹೊರಗೆ ಬರೋದಿಲ್ಲ.

ಅಲಾಫಿನ್ ಆದವನು ಆ ಮನೆಯ ಹೊಸಿಲು ದಾಟಬಾರದು ಅಂತಲ್ಲ, ದಾಟೋಕೆ ಆಗೋದೇ ಇಲ್ಲ. ಕಾಲೆತ್ತಿ ಹೊರಗಿಟ್ಟರೆ ಅದು ಒಳಗೇ ಬಿದ್ದಿರುತ್ತದೆ. ಉಳಿದವರು ಬರಬಹುದು, ಹೋಗಬಹುದು. ಅವನು ಸತ್ತಾಗ ಮಾತ್ರ ಊರಿನ ಎಲ್ಲ ಹೊಸಿಲೂ ನಿಂತುಬಿಡುತ್ತವೆ. ಒಳಗಿದ್ದವರು ಒಳಗೇ, ಹೊರಗಿದ್ದವರು ಹೊರಗೇ. ತೆರೆದಿರೋದು ಅರಮನೆಯ ಬಾಗಿಲು ಒಂದೇ. ಹೊರಗಿದ್ದವರಲ್ಲಿ ಒಬ್ಬರು ಅದರೊಳಗೆ ಹೋಗಿ ಕೂತು, ಉಳಿದವರು ಬೀದಿಯಲ್ಲಿ ನಿಂತು ಅಲಾಫಿನ್ ಅಂತ ಕೂಗಿದ ಮೇಲೆ ಮಿಕ್ಕ ಹೊಸಿಲುಗಳು ನಡೆಯುತ್ತವೆ.

ಇದಕ್ಕೆ ನಾವು ಹೊಂದಿಕೊಂಡಿದ್ದೆವು, ಮನುಷ್ಯ ಯಾವುದಕ್ಕೆ ತಾನೆ ಹೊಂದಿಕೊಳ್ಳೋದಿಲ್ಲ. ಪ್ರತಿ ಮನೆಯಲ್ಲೂ ಗೋಡೆ ಬದಿಗೆ ಒಂದು ಗಡಿಗೆ ನೀರು, ಒಂದು ಬುಟ್ಟಿ ಹುರಿದ ಸಜ್ಜೆ ಇರುತ್ತಿತ್ತು. ಅಲಾಫಿನ್ನನಿಗೆ ಕೆಮ್ಮು ಅಂತ ಸುದ್ದಿ ಬಂದರೆ ಸಾಕು, ದೊಡ್ಡ ಮನೆಗಳವರು ಮಕ್ಕಳನ್ನು ಒಳಗೆ ಕರೆದುಕೊಂಡು ಚಾಪೆ ಹಾಸಿ ಕೂತುಬಿಡುತ್ತಿದ್ದರು. ನೆಂಟರು ಬಂದಿದ್ದರೆ ಉಪಾಯವಾಗಿ ಸಾಗಹಾಕುತ್ತಿದ್ದರು, ಹೊಸಿಲು ನಿಂತರೆ ಅವರಿಗೂ ಗಂಜಿ ಹೊಂದಿಸಬೇಕಲ್ಲ. ಒಮ್ಮೆ ಅತ್ತೆಯ ಮೇಲೆ ಜಗಳಕ್ಕೆ ಹೋದವನೊಬ್ಬ ಅತ್ತೆಯ ಮನೆಯಲ್ಲೇ ಸಿಕ್ಕಿಬಿದ್ದು, ಹೊಸಿಲು ನಡೆಯುವ ಹೊತ್ತಿಗೆ ಅವಳ ಕಾಲು ಒತ್ತುತ್ತಿದ್ದನಂತೆ. ಹೀಗೆ ನಗೋಕೂ ನಮಗೆ ಸರಕು ಸಿಗುತ್ತಿತ್ತು. ಆದರೆ ಹೊರಗೆ ಉಳಿಯುವವರು ಯಾವಾಗಲೂ ಅದೇ ಜನ. ಆಡು ಕಾಯುವವರು, ಬಟ್ಟೆ ಒಗೆಯುವವರು, ಬಾವಿ ತೋಡುವವರು, ಮರ ಹತ್ತುವವರು. ಒಳಗೆ ಕೂತರೆ ಅವರ ಒಲೆ ಉರಿಯೋದಿಲ್ಲ. ಅದಕ್ಕೇ ನಮ್ಮ ದೊರೆಗಳೆಲ್ಲ ಅವರೊಳಗಿಂದಲೇ ಬಂದವರು. ಮನೆಯೇ ಸರಿಯಾಗಿ ಇಲ್ಲದವರು ಅರಮನೆಯ ಒಡೆಯರಾಗುತ್ತಿದ್ದರು.

ನನ್ನ ಗಂಡ ಅಕನ್ನಿ ಮರ ಹತ್ತುವವನು. ತಾಳೆ ಮರದಿಂದ ಹೆಂಡ ಇಳಿಸುತ್ತಿದ್ದ. ನೆಲದ ಮೇಲೆ ನಡೆಯುವಾಗ ಸ್ವಲ್ಪ ಸೊಟ್ಟಗೆ ನಡೆಯುತ್ತಿದ್ದ, ಮರದ ಮೇಲೆ ಮಾತ್ರ ಅವನಷ್ಟು ನೆಟ್ಟಗೆ ಇನ್ನೊಬ್ಬನಿಲ್ಲ. ಸೊಂಟಕ್ಕೆ ಹಗ್ಗದ ಬಳೆ ಹಾಕಿಕೊಂಡು ತುದಿಗೆ ಹೋಗಿ, ಅಲ್ಲಿಂದ "ಅಬೇನೀ, ನಿನ್ನ ಮಡಕೆಯ ನೀಲಿ ಇಲ್ಲಿಗೂ ಕಾಣುತ್ತೆ ಕಣೇ" ಅಂತ ಕೂಗುತ್ತಿದ್ದ. ನಾನು ಕೆಳಗೆ ಬಣ್ಣದಲ್ಲಿ ಮೊಳಕೈವರೆಗೆ ಮುಳುಗಿ, "ಇಳಿದು ಬಾ, ಬಿದ್ದು ಸತ್ತರೆ ಹೂಳೋಕೆ ನನಗೆ ಪುರುಸೊತ್ತಿಲ್ಲ" ಅನ್ನುತ್ತಿದ್ದೆ.

ನನಗೆ ಚೊಚ್ಚಲ ಹೆರಿಗೆಯ ನೋವು ಬಂದದ್ದು ಬೆಳಗಿನ ಗಂಜಿ ಕಾಯಿಸುತ್ತಿದ್ದಾಗ. ಮನೆಯಲ್ಲಿ ನಾನು, ನನ್ನ ಅತ್ತೆ. ಅತ್ತೆಗೆ ಕಣ್ಣು ಮಂಜು, ಕೈ ನಡುಕ. ಅಕನ್ನಿ ಸೂಲಗಿತ್ತಿಯನ್ನು ಕರೆತರೋಕೆ ಹೊಳೆ ದಂಡೆಗೆ ಓಡಿದ. ಸೂಲಗಿತ್ತಿಯನ್ನು ಊರೆಲ್ಲ ದಾದಾನ ಅಮ್ಮ ಅಂತಲೇ ಕರೆಯೋದು. ದಪ್ಪ ಹೆಂಗಸು, ದಾರಿಯುದ್ದಕ್ಕೂ ಏದುಸಿರು ಬಿಡುತ್ತ, "ಗಂಡಸರು ಓಡಿಸಿದ ಹಾಗೆ ಮಕ್ಕಳು ಓಡಿ ಬರೋದಿಲ್ಲ ಕಣಪ್ಪ" ಅಂತ ಬೈಯುತ್ತ ಬಂದದ್ದು ನನಗೆ ಒಳಗೆ ಕೇಳಿಸಿತು. ಅವಳ ನೆರಳು ಬಾಗಿಲಲ್ಲಿ ಬಿತ್ತು. ಅವಳು ಕಾಲೆತ್ತಿ ಒಳಗಿಟ್ಟಳು. ಕಾಲು ಹೊರಗೇ ಇತ್ತು.

ಮತ್ತೊಮ್ಮೆ ಇಟ್ಟಳು. ಆಮೇಲೆ ಅಕನ್ನಿಯ ಮುಖ ನೋಡಿದಳು.

"ಹೋಗಿಬಿಟ್ಟ ಅಂತ ಕಾಣುತ್ತಪ್ಪ ಮುದುಕ," ಅಂದಳು.

ಆಗಿನ ಅಲಾಫಿನ್ ಹಿಂದೆ ಬಾವಿ ತೋಡುತ್ತಿದ್ದ ಒಬ್ಬ ಮುದುಕ. ಕೆಮ್ಮಿರಲಿಲ್ಲ, ಮಲಗಿರಲಿಲ್ಲ, ಯಾರಿಗೂ ಸೂಚನೆ ಕೊಡದೆ ಕೂತಲ್ಲೇ ಹೋಗಿದ್ದ. ಆಮೇಲೆ ಮನೆಮನೆಯ ಕಿಟಕಿಗಳಿಂದ ಕೂಗಾಟ ಶುರುವಾಯಿತು. ಎಲ್ಲಕ್ಕಿಂತ ಜೋರಾಗಿ ಕೇಳಿಸಿದ್ದು ಊರಿನ ಯಜಮಾನ ಸೊಬೊನ ದನಿ. "ಯಾರಾದರೂ ಬೇಗ ಹೋಗ್ರೋ ಒಳಗೆ! ನನ್ನ ಕಾಳು ಅಂಗಳದಲ್ಲಿ ಹರವಿದೆ, ಆಡು ತಿಂತಾ ಇವೆ!"

ದಾದಾನ ಅಮ್ಮ ಕಿಟಕಿಗೆ ಬಂದು ನಿಂತು ಅಲ್ಲಿಂದಲೇ ಅತ್ತೆಗೆ ಹೇಳಿಕೊಡೋಕೆ ಶುರು ಮಾಡಿದಳು. ಬಿಸಿ ನೀರು ಎಲ್ಲಿದೆ, ಬೆನ್ನಿಗೆ ಏನು ಕೊಟ್ಟಿದ್ದೀಯ, ಕೈ ಹೀಗೆ ಹಾಕು, ಹಾಗಲ್ಲ, ಹೀಗೆ. ಅತ್ತೆ ಕೈ ಹಾಕಿದಳು, ತೆಗೆದಳು, ಅಳತೊಡಗಿದಳು. "ಕೊರಳಿಗೆ ಏನೋ ಸುತ್ತಿಕೊಂಡಿದೆ, ನನ್ನ ಕೈಲಾಗೋದಿಲ್ಲ ತಾಯಿ," ಅಂದಳು. ದಾದಾನ ಅಮ್ಮ ಆಮೇಲೆ ಬೈಯಲಿಲ್ಲ. ಬೈಯದ್ದು ಕೇಳಿಯೇ ನನಗೆ ಗೊತ್ತಾಯಿತು.

ಅಕನ್ನಿ ಅಷ್ಟರಲ್ಲಿ ಅರಮನೆಯ ಮುಂದೆ ಹೋಗಿ ಬಂದಿದ್ದ. ಹೊರಗೆ ಉಳಿದವರೆಲ್ಲ ಅಲ್ಲಿ ಬೂರುಗದ ಮರದ ಕೆಳಗೆ ಸುತ್ತ ಕೂತಿದ್ದರು. ಇಂಥ ಹೊತ್ತಿನಲ್ಲಿ ಯಾರೂ ಯಾರನ್ನೂ ನೂಕೋದಿಲ್ಲ, ಅದು ನಮ್ಮ ಪದ್ಧತಿ. ಸುಮ್ಮನೆ ಕೂತಿರುತ್ತಾರೆ. ಯಾರಿಗೆ ಎಲ್ಲರಿಗಿಂತ ಹೆಚ್ಚು ಅವಸರವೋ ಅವರು ಎದ್ದು ಹೋಗುತ್ತಾರೆ. ಒಬ್ಬೊಬ್ಬ ಅಲಾಫಿನ್ನನಿಗೂ ಹೀಗೆ ಒಂದೊಂದು ಅವಸರ ಇತ್ತು. ಸತ್ತ ಮುದುಕನದು ಏನಿತ್ತು ಅಂತ ಯಾರಿಗೂ ನೆನಪಿರಲಿಲ್ಲ.

ಅಕನ್ನಿ ನಮ್ಮ ಮನೆಯ ಕಿಟಕಿಯ ಸರಳುಗಳ ನಡುವೆ ಮುಖ ಇಟ್ಟ. "ಅಬೇನೀ," ಅಂದ.

ನಾನು ಚಾಪೆಯ ಅಂಚು ಹಿಡಿದು ಅವನ ಕಡೆ ತಿರುಗಿದೆ.

"ನಾನು ಹೋಗ್ತೀನಿ ಕಣೇ. ಹತ್ತಿರದಲ್ಲೇ ಇರ್ತೀನಲ್ಲ. ದಿನಾ ಬಂದು ನೋಡಬಹುದು ನೀನು."

ಹೋಗು ಅಂತಲೂ ನಾನು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಹಲ್ಲು ಕಚ್ಚಿದ್ದೆ. ಸ್ವಲ್ಪ ಹೊತ್ತಿಗೆ ಚೌಕದ ಕಡೆಯಿಂದ ಡೋಲಿನ ಸದ್ದು, ಅದರ ಮೇಲೆ "ಅಲಾಫಿನ್!" ಅನ್ನುವ ಕೂಗು ಕೇಳಿಸಿತು. ಬಾಗಿಲಿಗೆ ಒರಗಿ ನಿಂತಿದ್ದ ದಾದಾನ ಅಮ್ಮ ಧೊಪ್ಪನೆ ಒಳಗೆ ಬಿದ್ದಳು. ಬಿದ್ದವಳು ಏಳದೆ ತೆವಳಿಕೊಂಡೇ ನನ್ನ ಹತ್ತಿರ ಬಂದಳು.

ಮಗು ಬದುಕಿತು. ಹೆಣ್ಣು. ಕೊರಳಿಗೆ ಹೊಕ್ಕುಳ ಹುರಿ ಸುತ್ತಿಕೊಂಡು ಹುಟ್ಟಿದ ಹೆಣ್ಣಿಗೆ ನಮ್ಮಲ್ಲಿ ಅಯಿನಾ ಅಂತ ಹೆಸರಿಡುತ್ತಾರೆ. ಹಾಗೇ ಇಟ್ಟೆವು.

ಮಗುವನ್ನೆತ್ತಿಕೊಂಡು ನಾನು ಮೊದಲ ಸಲ ಅರಮನೆಗೆ ಹೋದಾಗ ಅಲ್ಲಿ ಹಿರಿಯರು ಕೂತಿದ್ದರು. ಅವರ ಎದುರಿಗೆ ನಾನೂ ಎಲ್ಲರ ಹಾಗೆ ಮಂಡಿಯೂರಿ ಹಣೆ ನೆಲಕ್ಕೆ ಹಚ್ಚಬೇಕು. ಹಚ್ಚಿದೆ. ಅಕನ್ನಿ ಮಣಿ ಪೋಣಿಸಿದ ಟೋಪಿ ಹಾಕಿಕೊಂಡು ಎತ್ತರದ ಮಣೆಯ ಮೇಲಿದ್ದ. "ಏಳೇ, ಹಸಿ ಬಾಣಂತಿ, ಸೊಂಟ ಬಿದ್ದುಹೋಗುತ್ತೆ," ಅಂದ. ಹಿರಿಯರು ಕೆಮ್ಮಿದರು. ಅಲಾಫಿನ್ ಹಾಗೆಲ್ಲ ಮಾತಾಡಬಾರದು. ಅವನು ಮಾತಾಡಬೇಕಾದದ್ದನ್ನು ಸೊಬೊ ಅವನ ಕಿವಿಯಲ್ಲಿ ಹೇಳುತ್ತಿದ್ದ, ಅವನು ಅದನ್ನೇ ಗಟ್ಟಿಯಾಗಿ ಹೇಳುತ್ತಿದ್ದ. ಗಡಿಯ ಜಗಳ, ಬಾವಿಯ ಜಗಳ, ಮದುವೆಯ ಜಗಳ, ಎಲ್ಲ ತೀರ್ಮಾನ ಹೀಗೇ. ಊರು ಆಳುತ್ತಿದ್ದವರು ತಮ್ಮ ಮನೆಗಳಿಗೆ ಹೋಗಿ ಬಂದು ಮಾಡುತ್ತಿದ್ದರು, ದೊರೆ ಒಳಗೇ ಇರುತ್ತಿದ್ದ.

ಕೆಲವು ಕಾಲ ಅವನು ತಮಾಷೆಯಾಗಿಯೇ ಇದ್ದ. ಹಿಂದಿನ ಕೋಣೆಯ ನಡುಗಂಬಕ್ಕೆ ಹಗ್ಗ ಸುತ್ತಿ ಹತ್ತುತ್ತಿದ್ದ. ತಲೆ ಚಾವಣಿಗೆ ತಾಗುತ್ತಿತ್ತು, ಇಳಿಯುತ್ತಿದ್ದ. ಅಯಿನಾ ಚಪ್ಪಾಳೆ ತಟ್ಟುತ್ತಿದ್ದಳು. ಬರಬರುತ್ತ ಅವನ ಅಂಗಾಲಿನ ಜಡ್ಡು ಉದುರಿ ಕಾಲು ಮಗುವಿನ ಕಾಲಿನ ಹಾಗೆ ಮೆತ್ತಗಾಯಿತು. ಹತ್ತೋದು ಬಿಟ್ಟ. ನಾನು ಹೋದಾಗಲೆಲ್ಲ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ಕೇಳುತ್ತಿದ್ದ. ನಾನು ಹೇಳುತ್ತಿದ್ದೆ. "ಹಾಗಾದರೆ ದಂಡೆಯ ಮರಗಳು ಈಗ ಒಂದಕ್ಕೊಂದು ಉಜ್ಜುತ್ತಿರುತ್ತವೆ," ಅನ್ನುತ್ತಿದ್ದ. ಆಮೇಲೆ ಅದನ್ನೂ ಕೇಳೋದು ಬಿಟ್ಟ. ಗೋಡೆ ನೋಡುತ್ತ ಕೂತಿರುತ್ತಿದ್ದ. ಅಯಿನಾ ಬೆಳೆದು, ಆಡು ಸಾಕುವ ಕೊಲಾ ಅನ್ನುವ ಹುಡುಗನನ್ನು ಮದುವೆಯಾದಳು. ಮದುವೆಯ ದಿಬ್ಬಣ ಕಿಟಕಿಯ ಮುಂದೆ ನಿಂತು ಹೋಯಿತು. ಅಪ್ಪ ಕಿಟಕಿಯಿಂದ ಕೈ ಚಾಚಿ ಹರಸಿದ. ಜನ ಹಾಡುತ್ತ ಬೀದಿಯ ತಿರುವಿನಲ್ಲಿ ಮರೆಯಾದ ಮೇಲೂ ಆ ಕೈ ಹೊರಗೇ ಇತ್ತು. ನಾನೇ ಹಿಡಿದು ಒಳಗೆ ತಂದೆ.

ಅವತ್ತಿನಿಂದಲೇ ನನ್ನ ತಲೆಗೆ ಈ ಯೋಚನೆ ಹೊಕ್ಕಿತು. ನಮ್ಮೂರಲ್ಲಿ ಮನೆ ಕೈ ಬದಲಾಗುವಾಗ ಒಂದು ಪದ್ಧತಿ ಇದೆ. ಕೊಡುವವರು ಬಾಗಿಲ ಪಕ್ಕದ ಗೋಡೆಯಿಂದ ಒಂದು ಚಿಟಿಕೆ ಮಣ್ಣು ಕೆರೆದು ಪಡೆಯುವವರ ಬಾಯಿಗೆ ಹಾಕುತ್ತಾರೆ. ನುಂಗಿದರೆ ಮನೆ ಅವರದು. ತಾಯಿ ಮಗಳಿಗೆ ಮನೆ ಕೊಡೋದು ಹೀಗೆಯೇ.

"ಒಡೆಯ, ಒಡೆಯ ಅಂತ ಎಲ್ಲರೂ ಅಡ್ಡ ಬೀಳುತ್ತಾರಲ್ಲ," ಅಂದೆ ಅವನಿಗೆ. "ಒಡೆಯನಾದವನು ತನ್ನ ಮನೆ ಕೊಡಬಹುದಲ್ಲ?"

"ಯಾರಿಗೆ ಕೊಡಲಿ? ಸೊಬೊಗಾ? ಮಣ್ಣು ನೋಡಿದರೆ ಬಾಯಿ ಹೊಲಿದುಕೊಂಡು ಓಡಿಹೋಗುತ್ತಾನೆ."

"ನನಗೆ ಕೊಡು."

ಅವನು ಸಿಟ್ಟಾದ. ಅಲಾಫಿನ್ ಆದ ಮೇಲೆ ಅವನು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಎದ್ದು ಹೋಗು ಅಂದ. ಎದ್ದು ಹೋದೆ, ಮರುದಿನ ಮತ್ತೆ ಬಂದೆ. ನಾನು ಅವಸರದ ಹೆಂಗಸಲ್ಲ. ಬಟ್ಟೆಯನ್ನು ಬಣ್ಣಕ್ಕೆ ಅದ್ದಿ, ಎತ್ತಿ, ಆರಿಸಿ, ಮತ್ತೆ ಅದ್ದಿ ಬೆಳೆದವಳು. ದಿನವೂ ಅದೇ ಮಾತು ಆಡಿದೆ. ನಾನು ಕೂತು ಕೆಲಸ ಮಾಡುವವಳು, ಒಳಗಿದ್ದರೂ ಹೊರಗಿದ್ದರೂ ನನಗೆ ಒಂದೇ. ನೀನು ಒಂದು ಸಲ ಮರ ಮುಟ್ಟಿ ಬಾ. ಬೇಡ ಅನ್ನಿಸಿದರೆ ಬಂದು ಮನೆ ವಾಪಸು ತಗೋ, ಮಣ್ಣಿಗೇನು ಬರವಿಲ್ಲ. ಹೀಗೆ ಹೇಳುತ್ತಲೇ ಇದ್ದೆ. ಮುಂದೆ ಅವನಿಗೆ ಕಾಲು ಊದಿಕೊಂಡವು. ಒಂದು ಮಧ್ಯಾಹ್ನ ನಾನು ಏನೂ ಹೇಳದಿದ್ದರೂ ಅವನೇ ಎದ್ದು, ಗೋಡೆ ಹಿಡಿದುಕೊಂಡು ಬಾಗಿಲ ಹತ್ತಿರ ಹೋಗಿ ಉಗುರಿನಿಂದ ಮಣ್ಣು ಕೆರೆದ.

"ಬಾಯಿ ತೆಗಿ," ಅಂದ. "ಒಂದೇ ಒಂದು ಸಲ. ಸಂಜೆಗೆ ಬಂದುಬಿಡ್ತೀನಿ."

ನುಂಗಿದೆ. ಅವನು ಹೊಸಿಲಿನ ಮೇಲೆ ಕಾಲೆತ್ತಿ ಇಟ್ಟ. ಕಾಲು ಒಳಗೇ ಇತ್ತು. ಇನ್ನೊಂದು ಕಾಲು ಇಟ್ಟ. ಅದೂ ಒಳಗೇ. ನಾನು ಅವನನ್ನು ಪಕ್ಕಕ್ಕೆ ಸರಿಸಿ, ನೋಡೋಣ ತಡಿ ಅಂತ ನನ್ನ ಕಾಲು ಇಟ್ಟೆ. ಹೊರಗೆ ಮಣ್ಣು ಬಿಸಿಲಿಗೆ ಹೊಳೆಯುತ್ತಿತ್ತು, ಒಂದು ಕೋಳಿ ಕೆದಕುತ್ತಿತ್ತು, ಅದರ ಗರಿ ನನ್ನ ಕಾಲಿಗೆ ತಾಗುವಷ್ಟು ಹತ್ತಿರವಿತ್ತು. ನನ್ನ ಕಾಲು ಅಕನ್ನಿಯ ಕಾಲಿನ ಪಕ್ಕದಲ್ಲಿ ಬಿದ್ದಿತ್ತು.

ನಾವಿಬ್ಬರೂ ಅಲ್ಲೇ ಕೂತೆವು. "ಎಂಥಾ ಕೆಲಸ ಮಾಡಿಕೊಂಡೆ ಕಣೇ," ಅಂದ. ಮತ್ತೆ ಎಷ್ಟೋ ಹೊತ್ತಿಗೆ, "ಬಟ್ಟೆ ಒಣಗೋಕೆ ಹಾಕಿ ಬಂದಿದ್ದೆಯಾ?" ಅಂತ ಕೇಳಿದ. ಹಾಕಿ ಬಂದಿದ್ದೆ.

ಆಮೇಲಿನ ದಿನಗಳು ಕೆಟ್ಟವು ಅಂತ ಹೇಳಿದರೆ ಸುಳ್ಳಾಗುತ್ತದೆ. ಒಟ್ಟಿಗೆ ಉಂಡೆವು, ಒಟ್ಟಿಗೆ ಮಲಗಿದೆವು. ಹೆಂಡತಿ ಗಂಡನ ಜೊತೆ ಇರೋಕೆ ಬಂದಿದ್ದಾಳೆ ಅಂತ ಊರು ತಿಳಿಯಿತು. ನಿಜ ಗೊತ್ತಿದ್ದದ್ದು ಅಯಿನಾಗೆ ಒಬ್ಬಳಿಗೇ. ಅವಳು ಕೇಳಿದ ದಿನ ಅಳಲಿಲ್ಲ, ಹೊಸಿಲಿಗೆ ಒದ್ದು ಕಾಲು ಬೆರಳು ಒಡೆದುಕೊಂಡಳು.

ಅಕನ್ನಿ ಒಂದು ಬೆಳಗ್ಗೆ, ಸಂತೆಯ ಸದ್ದು ಬೀದಿ ತುಂಬಿದ್ದಾಗ, ನನ್ನ ತೊಡೆಯ ಮೇಲೆ ತಲೆಯಿಟ್ಟುಕೊಂಡೇ ಹೋದ. ನಾನು ಕಿಟಕಿಗೆ ಹೋಗಿ ಅತ್ತೆ. ಬೇಯಿಸಿದ ಅಲಸಂದೆ ಮಾರುವ ಹೆಂಗಸೊಬ್ಬಳು ತಲೆಯ ಮೇಲಿನ ಬುಟ್ಟಿ ಇಳಿಸದೆ ನಿಂತು ಏನಾಯಿತು ಅಂತ ಕೇಳಿದಳು. ಅಲಾಫಿನ್ ಹೋದ ಅಂದೆ.

"ಬಿಡ್ತು ಅನ್ನಿ ಅಮ್ಮಾ," ಅಂದಳು. "ನಾನು ಈಗ ತಾನೆ ಮನೆಯಿಂದ ಹೊರಟು ಬಂದೆನಲ್ಲ. ಹೇಗೆ ಹೋಗ್ತಾರೆ?"

"ಹೋಗಿದ್ದಾನೆ ತಾಯಿ. ಮೈ ತಣ್ಣಗಾಗಿದೆ."

"ಚಳಿ ಇರಬೇಕು, ಹೊದಿಸಿ," ಅಂತ ಹೇಳಿ ಮುಂದೆ ಹೋದಳು.

ಯಾರಿಗೆ ಹೇಳಿದರೂ ಹೀಗೆಯೇ. ಪಕ್ಕದವನು ತನ್ನ ಮನೆಯ ಹೊಸಿಲನ್ನು ಒಳಗೂ ಹೊರಗೂ ದಾಟಿ ತೋರಿಸಿ, "ನೋಡಿ, ನಡೀತಿದೆ, ಸುಮ್ಮನೆ ಗಾಬರಿಯಾಗಬೇಡಿ" ಅಂತ ನನಗೇ ಧೈರ್ಯ ಹೇಳಿದ. ಹಿರಿಯರು ಬಂದು ಮೈ ಮುಟ್ಟಿ ನೋಡಿದರು, ಹೊರಗೆ ಹೋಗಿ ತಮ್ಮ ಮನೆ ಹೊಕ್ಕು ಬಂದು ನೋಡಿದರು, ಮತ್ತೆ ಮೈ ಮುಟ್ಟಿದರು. ನೊಣ ಬರೋಕೆ ಶುರುವಾಗುವ ತನಕ ನನ್ನ ಗಂಡ ಸತ್ತಿರೋದನ್ನು ಈ ಊರು ಒಪ್ಪಲಿಲ್ಲ. ಒಪ್ಪಿದ ಮೇಲೆ ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ಸೊಬೊ ನನ್ನನ್ನು ಬಾಗಿಲ ತನಕ ನಡೆಸಿಕೊಂಡು ಹೋಗಿ, ದಾಟಿ ನೋಡು ಅಂದ. ನನ್ನ ಕಾಲು ಒಳಗೇ ಬಿತ್ತು. ಮಣ್ಣು ನುಂಗಿದ್ದನ್ನು ಆಗ ಹೇಳಿಬಿಟ್ಟೆ. ಅವನು ನೆಲದ ಮೇಲೆ ಉದ್ದಕ್ಕೆ ಬಿದ್ದು ನನಗೆ ನಮಸ್ಕಾರ ಮಾಡಿದ. ಅಕನ್ನಿಯನ್ನು ಹೂಳುವ ಹಾಡು ಮುಗಿಯುವ ಮೊದಲೇ ಚೌಕದಲ್ಲಿ ನನ್ನ ಡೋಲು ಬಾರಿಸಿದರು.

ಮಣಿಯ ಟೋಪಿ ನನ್ನ ತಲೆಗೆ ದೊಡ್ಡದಾಯಿತು, ಒಳಗೆ ಬಟ್ಟೆ ತುರುಕಿ ಇಟ್ಟರು. ಊರಿಗೆ ಹಬ್ಬ. ಹೊಸಿಲು ನಿಲ್ಲದೆ ಅಲಾಫಿನ್ ಬದಲಾದದ್ದು ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ. ಡೋಲಿನವರು ನನ್ನ ಮೇಲೆ ಹಾಡು ಕಟ್ಟಿದರು. ಹೊಸಿಲು ಬಿಡಿಸಿದವಳು, ಗಡಿಗೆ ಬರಿದು ಮಾಡಿದವಳು ಅಂತ. ಜನ ಮನೆಯ ಗೋಡೆ ಬದಿಯ ನೀರು, ಸಜ್ಜೆ ಎಲ್ಲ ಎತ್ತಿ ಜಾಗ ಖಾಲಿ ಮಾಡಿಕೊಂಡರು. ಆ ಹಾಡು ಇನ್ನೂ ಹಳತಾಗಿರಲಿಲ್ಲ, ಸೊಬೊ ಹೊಸ ಬಟ್ಟೆ, ತಾಳೆ ಎಣ್ಣೆಯ ಗಡಿಗೆ ಹೊರಿಸಿಕೊಂಡು ಬಂದ. ಅವನೂ ಮುದುಕನಾಗಿದ್ದ. ಕೂರೋಕೆ ನಾನು ಹೇಳಬೇಕಿತ್ತು, ಹೇಳಿದೆ.

"ಇಷ್ಟು ಸುಲಭದ ದಾರಿ ಇಷ್ಟು ಕಾಲ ಒಬ್ಬರಿಗೂ ಹೊಳೆದಿರಲಿಲ್ಲವಲ್ಲ ತಾಯೀ," ಅಂದ. "ಒಬ್ಬರಿರುವಾಗಲೇ ಇನ್ನೊಬ್ಬರು. ಮನೆ ಬರಿದಾಗೋದೇ ಇಲ್ಲ. ಆ ಮರದ ಕೆಳಗೆ ಬಡವರು ಒಬ್ಬರ ಮುಖ ಒಬ್ಬರು ನೋಡುತ್ತ ಕೂರೋದೂ ಇಲ್ಲ."

"ನನ್ನ ಜೊತೆಗೆ ಯಾರು ಬರುತ್ತೀರಿ? ನೀವಾ ಯಜಮಾನ್ರೇ?"

ಅವನು ಮನಸಾರೆ ನಕ್ಕ. "ನಿಮಗೆ ತಮಾಷೆ. ಮನೆ ತಾಯಿಂದ ಮಗಳಿಗೆ ತಾನೆ ಬರೋದು? ನಿಮಗೂ ಒಬ್ಬಳು ಮಗಳಿದ್ದಾಳೆ. ಮುಂದೆ ಅವಳ ಮಗಳು. ದೊಡ್ಡ ಪಟ್ಟಣಗಳಲ್ಲೆಲ್ಲ ಹೀಗೇ ಅಂತೆ, ದೊರೆತನ ಮನೆತನದಲ್ಲೇ ಇಳಿಯುತ್ತದಂತೆ. ನಾವೇ ಯಾರು ಸಿಕ್ಕಿದರೆ ಅವರನ್ನು ಕೂರಿಸಿ ಕಾಡು ಜನರ ಹಾಗೆ ಇದ್ದೆವು."

"ನಿಮಗೂ ಮಗಳಿದ್ದಾಳೆ," ಅಂದೆ.

"ಅವಳಿಗೆ ನನ್ನ ಮನೆ ಇದೆಯಲ್ಲ ತಾಯೀ," ಅಂದ. ಕೆಟ್ಟತನದಿಂದ ಅಂದದ್ದಲ್ಲ. ನಿಜವಾಗಿಯೂ ಅವನಿಗೆ ಅದು ಹಾಗೇ ಕಾಣುತ್ತಿತ್ತು.

ಕೊಡುವವರು ಕೈಯಾರೆ ಕೊಡದೆ ಮನೆ ಹೋಗೋದಿಲ್ಲ, ನಾನು ಕೊಡೋದಿಲ್ಲ ಅಂದೆ. ಎಣ್ಣೆ ಗಡಿಗೆ ವಾಪಸು ಹೊರಿಸಿ ಕಳಿಸಿದೆ. ಅವತ್ತೇ ಸುಣ್ಣ ಕಲಸಿ ಬಾಗಿಲ ಎರಡೂ ಪಕ್ಕದ ಗೋಡೆಗೆ ದಪ್ಪಗೆ ಬಳಿದೆ, ಮಣ್ಣು ಕಾಣದ ಹಾಗೆ. ಕೈಯ ಉಗುರನ್ನು ಬೆರಳಿನ ಮಾಂಸಕ್ಕೆ ಸಮ ಕತ್ತರಿಸಿಕೊಂಡೆ. ನಿದ್ದೆಯಲ್ಲಿ ಸಹ ನನ್ನಿಂದ ತಪ್ಪಾಗಬಾರದು. ನಾನು ಸತ್ತಾಗ ಹೊಸಿಲು ನಿಂತರೆ ನಿಲ್ಲಲಿ, ಊರು ಮೊದಲಿನ ಹಾಗೆ ತನ್ನ ಪಾಡು ತಾನು ಪಡಲಿ. ನನಗೆ ಬೇಕಾದದ್ದು ಇಷ್ಟೇ, ಅವತ್ತು ನನ್ನ ಮಗಳು ತನ್ನ ಮನೆಯೊಳಗೆ ಇರಬೇಕು.

ಆದರೆ ನನಗೆ ಜ್ವರ ಹಿಡಿಯಿತು, ಬಿಡಲಿಲ್ಲ. ಅಯಿನಾ ದಿನವೂ ಬರೋಕೆ ಶುರು ಮಾಡಿದಳು. ಅವಳಿಗೆ ಆಗ ಮೊಲೆ ಕುಡಿಯುವ ಹೆಣ್ಣು ಮಗು. ಅದನ್ನು ಬೆನ್ನಿಗೆ ಕಟ್ಟಿಕೊಂಡು ಗಂಜಿ ತರುತ್ತಿದ್ದಳು, ನನಗೆ ಮೈ ಒರೆಸಿ, ತಲೆ ಬಾಚಿ, ಕತ್ತಲಾಗುವ ಮುಂಚೆ ಹೋಗುತ್ತಿದ್ದಳು.

"ಬರಬೇಡ ಅಂದೆನಲ್ಲ," ಅನ್ನುತ್ತಿದ್ದೆ.

"ನಾನು ಬರದಿದ್ದರೆ ನಿನಗೆ ಗಂಜಿ ಸೊಬೊ ಕುಡಿಸ್ತಾನಾ? ಬಾಯಿ ತೆಗಿ. ನೀನೇನು ಮಣ್ಣು ಕೊಟ್ಟಿಲ್ಲವಲ್ಲ, ನನಗ್ಯಾಕೆ ಭಯ?"

ಒಂದು ದಿನ ನನ್ನ ಕಾಲು ಒತ್ತುತ್ತ ನಕ್ಕಳು. "ಬಾವಿಯ ಹತ್ತಿರ ಎಲ್ಲರೂ ನನಗೆ ಜಾಗ ಬಿಡ್ತಾರಮ್ಮ. ಸೊಬೊನ ಸೊಸೆ ತುಂಬಿದ ಕೊಡ ಇಳಿಸಿ ಪಕ್ಕಕ್ಕೆ ನಿಲ್ತಾಳೆ. 'ಬನ್ನಿ ಅಲಾಫಿನ್, ಮೊದಲು ನೀವು ಸೇದಿಕೊಳ್ಳಿ' ಅಂತಾಳೆ."

"ನೀನೇನು ಅಂದೆ?"

"ಏನನ್ನಲಿ, ನಗು ಬಂತು. ನೀರು ಬೇಗ ಸಿಕ್ಕಿತು."

"ನಗಬೇಡ ಅಯಿನಾ. ಬೈಯಿ. ಕೊಡ ಎತ್ತಿ ಹಾಕು ಅವಳ ಮೇಲೆ."

"ಬೈದೂ ನೋಡಿದೆ. ಅದಕ್ಕೂ ತಲೆ ಬಾಗಿಸ್ತಾರೆ ಕಣಮ್ಮ."

ಕೊಲಾನನ್ನು ಕಿಟಕಿಗೆ ಕರೆಸಿ ಹೇಳಿದೆ, ಹೆಂಡತಿ ಮಗು ಕಟ್ಟಿಕೊಂಡು ಎಲ್ಲಾದರೂ ಹೋಗಪ್ಪ, ಆಡು ಇದ್ದ ಕಡೆ ಊಟಕ್ಕೆ ಕೊರತೆಯಿಲ್ಲ ಅಂತ. ಅವನು ಒಪ್ಪಿದ. ಅವಳು ಒಪ್ಪಲಿಲ್ಲ. ಅಮ್ಮ ಹೋದ ಮೇಲೆ ಹೋಗೋಣ ಅಂದಳಂತೆ. ನಾನು ಬೇಗ ಹೋದರೆ ಸಾಕು ಅಂತ ಉಣ್ಣೋದು ಬಿಟ್ಟೆ. ಅವಳು ಮೂಗು ಹಿಡಿದು ಕುಡಿಸಿದಳು. ನನ್ನ ಮೈ ಗಟ್ಟಿ, ಹೋಗಲಿಲ್ಲ.

ನಿನ್ನೆ ಮಗುವಿಗೆ ಸ್ವಲ್ಪ ಮೈ ಬೆಚ್ಚಗಿತ್ತಂತೆ. ಅದನ್ನು ಕೊಲಾನ ಹತ್ತಿರ ಮಲಗಿಸಿ ಅಯಿನಾ ಒಬ್ಬಳೇ ಬಂದಳು. ಗಂಜಿ ಕುಡಿಸಿದಳು. ಬಟ್ಟಲು ತೊಳೆದು ಕಟ್ಟಿಕೊಂಡಳು. "ಮಗುವಿಗೆ ಹಾಲಿನ ಹೊತ್ತಾಯ್ತು, ಹ್ಞಾಂ? ನಾಳೆ ಬರ್ತೀನಿ," ಅಂತ ಬಾಗಿಲಿಗೆ ಹೋದಳು. ನಾನು ಮಲಗಿದ್ದಲ್ಲಿಂದ ಅವಳ ಬೆನ್ನು ಕಾಣುತ್ತಿತ್ತು. ಅವಳು ಹೊಸಿಲಲ್ಲಿ ನಿಂತಳು. ಏನೋ ಮರೆತವಳ ಹಾಗೆ ಸ್ವಲ್ಪ ಹಿಂದೆ ಸರಿದಳು. ಮತ್ತೆ ಮುಂದೆ ಹೋದಳು. ಗೋಡೆಯ ಸುಣ್ಣ ಹಾಗೆಯೇ ಬೆಳ್ಳಗಿತ್ತು, ಎಲ್ಲೂ ಒಂದು ಗೀರೂ ಇರಲಿಲ್ಲ. ನನ್ನ ಕೈ ನನ್ನ ಹೊದಿಕೆಯೊಳಗೇ ಇತ್ತು.

ಅವಳು ತಿರುಗಿ ಬಂದು ನನ್ನ ಪಕ್ಕದಲ್ಲಿ ಕೂತಳು.

"ಬಿಸಿಲು ಜಾಸ್ತಿ ಇದೆ ಅಮ್ಮಾ," ಅಂದಳು. "ಆಮೇಲೆ ಹೋದರಾಯ್ತು."

ಹೊರಗೆ ಮೋಡ ಕವಿದಿತ್ತು. ನಾನು ಹೂಂ ಅಂದೆ.

ಕೂತೆವು. ಅವಳ ರವಿಕೆಯ ಮುಂಭಾಗ ಹಾಲಿನಿಂದ ಒದ್ದೆಯಾಗುತ್ತ ಬಂತು. ಅವಳು ಸೆರಗು ಮುಚ್ಚಿಕೊಂಡಳು, ಅದೂ ಒದ್ದೆಯಾಯಿತು. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಮಗುವಿನ ಅಳು ಹತ್ತಿರ ಹತ್ತಿರ ಬರೋದು ಕೇಳಿಸಿತು. ಕೊಲಾ ಬಾಗಿಲಲ್ಲಿ ಬಂದು ನಿಂತ. ಅವನ ಹೆಗಲ ಮೇಲೆ ಮಗು ಮುಷ್ಟಿ ಕಚ್ಚಿಕೊಂಡು ಕೆಂಪಾಗಿತ್ತು. ಒಳಗೆ ಅಮ್ಮನನ್ನು ಕಂಡು ಅದು ಅಳು ನಿಲ್ಲಿಸಿ ನಮ್ಮ ಕಡೆ ಕೈ ಚಾಚಿತು.

"ಎಷ್ಟು ಹೊತ್ತು ಮಾಡಿದೆಯೇ ಮಾರಾಯ್ತಿ, ಹಸಿದು ಸಾಯ್ತಾ ಇದೆ," ಅಂತ ಅವನು ಒಳಗೆ ಬರೋಕೆ ಕಾಲೆತ್ತಿದ.

"ಬೇಡ," ಅಂದಳು ಅಯಿನಾ.

"ಏನು ಬೇಡ? ಹಾಲು ಕೊಡು ಅಂದೆ."

"ಒಳಗೆ ತರಬೇಡ ಅವಳನ್ನ. ಆಡಿನ ಹಾಲು ಕಾಯಿಸಿ ಕುಡಿಸು. ಮೊದಮೊದಲು ಉಗೀತಾಳೆ, ನೀರು ಬೆರೆಸಿ ಸ್ವಲ್ಪ ಸ್ವಲ್ಪ ಕೊಡು."

ಅವನು ಅವಳ ಒದ್ದೆ ಸೆರಗು ನೋಡಿದ, ಅವಳ ಕಾಲು ನೋಡಿದ, ನನ್ನನ್ನು ನೋಡಿದ. ಎತ್ತಿದ ಕಾಲನ್ನು ನಿಧಾನವಾಗಿ ಹಿಂದಕ್ಕೆ ಇಟ್ಟುಕೊಂಡ. ಮಗು ಮತ್ತೆ ಅಳೋಕೆ ಶುರು ಮಾಡಿತು.

"ಹೋಗು," ಅಂದಳು ಅವಳು. "ನಿಲ್ಲಬೇಡ. ಯಾರಾದರೂ ಅವಳನ್ನೂ ಅಲಾಫಿನ್ ಅಂತ ಕರೆಯೋದರೊಳಗೆ ಊರು ಬಿಟ್ಟು ನಡಿ."

ಅವನು ಹೋದ. ಅಳು ಬಾವಿಯ ಕಡೆಗೆ ಹೋಯಿತು, ಬೂರುಗದ ಮರದ ಕಡೆಗೆ ಹೋಯಿತು, ಅದರಾಚೆ ಹೋಯಿತು. ಅಯಿನಾ ಎದ್ದು ಕಿಟಕಿ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು, ಬಟ್ಟಲಿನೊಳಕ್ಕೆ ಹಾಲು ಹಿಂಡಿಕೊಳ್ಳತೊಡಗಿದಳು.